ಬಣವಿಗೆ ಬಿದ್ದ ಬೆಂಕಿ, ಅಗಸಿಯ ಕಲ್ಲು

ಬೆಂಕಿ ಅನಾಹುತ ಎಂದರೆ ಪಟ್ಟಣದವರ ಕಣ್ಣಿಗೆ ಬರುವುದು ಗಾಜಿನ ಕಟ್ಟಡ, ಕಿಟಕಿಯಿಂದ ಉಕ್ಕುವ ಹೊಗೆ, ಮೇಲಕ್ಕೆ ಚಾಚಿದ ಏಣಿ. ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಬೆಂಕಿ ಎಂದರೆ ಬಣವಿ. ಸುಗ್ಗಿ ಮುಗಿದು ಜೋಳದ ಕಣಕಿ, ಶೇಂಗಾ ಹೊಟ್ಟು ಹಿತ್ತಲಿಗೋ ಊರ ಹೊರಗಿನ ಕಣಕ್ಕೋ ಬಂದು ಸಾಲಾಗಿ ನಿಂತ ಮೇಲೆ ಶುರುವಾಗುವ ಆತಂಕ ಮೊದಲ ಮಳೆ ಬೀಳುವವರೆಗೂ ಬಿಡುವುದಿಲ್ಲ. ಜೋತುಬಿದ್ದ ತಂತಿಯ ಒಂದು ಕಿಡಿ, ಆರದ ಬೀಡಿ, ಬದುವಿನ ಕಸಕ್ಕೆ ಹಚ್ಚಿ ಮರೆತ ಉರಿ, ಇಷ್ಟು ಸಾಕು. ಒಬ್ಬರ ಬಣವಿ ಹೊತ್ತಿದರೆ ಗಾಳಿ ಉಳಿದ ಕೆಲಸ ಮಾಡುತ್ತದೆ. ಮಧ್ಯಾಹ್ನ ಹೊತ್ತಿದ್ದು ಸಂಜೆಯೊಳಗೆ ಓಣಿಯ ದನಗಳ ವರ್ಷದ ಊಟವನ್ನೇ ತಿಂದು ಮುಗಿಸಿರುತ್ತದೆ. ಗಂಗಾವತಿ, ಕಾರಟಗಿ ಕಡೆ ಇದೇ ಕಥೆ ಭತ್ತದ ಹುಲ್ಲಿನ ರೂಪದಲ್ಲಿ ನಡೆಯುತ್ತದೆ. ಹುಲ್ಲು ಹೇರಿದ ಲಾರಿ ತಂತಿಗೆ ತಗುಲಿ, ಉರಿಯುತ್ತಲೇ ಓಡುವುದನ್ನು ಆ ಭಾಗದಲ್ಲಿ ನೋಡದವರು ಕಡಿಮೆ.

ಆಗ ಕರೆ ಹೋಗುತ್ತದೆ. ಗಾಡಿ ಬರುತ್ತದೆ. ತಡವಾಗಿ ಬಂದರೆ ಸ್ವಾಗತವೂ ಸಿದ್ಧವಿರುತ್ತದೆ: ‘ಬಂದ್ರಪಾ, ಬೂದಿ ನೋಡಾಕ!’

ಈ ಮಾತನ್ನು ಕೇಳಿಸಿಕೊಂಡೂ ಕೇಳಿಸದವರಂತೆ ಹೋಸ್ ಬಿಚ್ಚುವವರ ಲೆಕ್ಕವನ್ನು ಒಮ್ಮೆ ನೋಡಿ. ಸಾಮಾನ್ಯ ಜಲವಾಹನದ ಹೊಟ್ಟೆಯಲ್ಲಿ ಹಿಡಿಯುವುದು ಸುಮಾರು 4,500 ಲೀಟರ್ ನೀರು. ಅದರ ಪಂಪಿಗೆ ನಿಮಿಷಕ್ಕೆ 2,250 ಲೀಟರ್ ಎಸೆಯುವ ತಾಕತ್ತಿದೆ. ಪೂರ್ತಿ ಬಿಟ್ಟರೆ ಎರಡೇ ನಿಮಿಷಕ್ಕೆ ಗಾಡಿ ಖಾಲಿ. ಎಚ್ಚರದಿಂದ ಒಂದೇ ಹೋಸ್ ಹಿಡಿದರೂ ಹತ್ತು ನಿಮಿಷದ ಮೇಲೆ ಉಳಿಯುವುದಿಲ್ಲ. ಇಪ್ಪತ್ತೈದು ಕಿಲೋಮೀಟರ್ ದೂರದ ಹಳ್ಳಿಗೆ, ಉಬ್ಬು ತಗ್ಗು ದಾಟಿ, ತಾಸಿಗೆ ಐವತ್ತರ ವೇಗದಲ್ಲಿ ಬಂದರೂ ಅರ್ಧ ಗಂಟೆ. ಅರ್ಧ ಗಂಟೆಯ ಓಟ, ಹತ್ತು ನಿಮಿಷದ ನೀರು. ಆಮೇಲೆ? ನೀರು ತರಲು ಮತ್ತೆ ಓಡಬೇಕು. ಬೂದಿ ನೋಡಲು ಬಂದರು ಎಂಬ ಕುಹಕಕ್ಕೆ ಉತ್ತರ ಈ ಗಣಿತದಲ್ಲಿದೆ. ಹಾಗಾಗಿ ಬಂದವರು ಎಷ್ಟೋ ಸಲ ಹೊತ್ತಿದ ಬಣವಿಯನ್ನು ಕೈಬಿಟ್ಟು ಪಕ್ಕದ್ದನ್ನು ತೋಯಿಸುತ್ತಾರೆ. ಬಣವಿ ಕಳೆದುಕೊಳ್ಳುತ್ತಿರುವವನಿಗೆ ಇದು ಅನ್ಯಾಯವಾಗಿ ಕಾಣುತ್ತದೆ. ಆದರೆ ಸರಿಯಾದ ಲೆಕ್ಕ ಅದೇ.

ಬಣವಿಯ ಬೆಂಕಿಗೆ ಇನ್ನೊಂದು ಕುಟಿಲತೆಯಿದೆ. ಒತ್ತಿ ಪೇರಿಸಿದ ಹುಲ್ಲಿನ ಮೇಲೆ ನೀರು ಬಿದ್ದರೆ ಹೊರಮೈ ತೊಯ್ದು ಜ್ವಾಲೆ ಅಡಗುತ್ತದೆ. ಒಳಗೆ ಕೆಂಡ ಹಾಗೇ ನಡೆಯುತ್ತಿರುತ್ತದೆ, ಗಾಳಿ ಕಡಿಮೆಯಾದರೂ ಸಾಯದೆ ಹೊಗೆಯಾಡುತ್ತಾ ದಾರಿ ಹುಡುಕುತ್ತದೆ. ಹಸಿ ಇರುವಾಗಲೇ ಒಟ್ಟಿದ ಹುಲ್ಲು ಕಿಡಿಯಿಲ್ಲದೆಯೂ ಬಿಸಿಯಾಗುತ್ತದೆ. ಮೊದಲು ಸೂಕ್ಷ್ಮಜೀವಿಗಳು ಒಳಗೆ ಕಾವು ಏರಿಸುತ್ತವೆ, ಅವು ಸತ್ತ ಮೇಲೆ ರಾಸಾಯನಿಕ ಕ್ರಿಯೆ ಆ ಕಾವನ್ನು ಮುಂದಕ್ಕೆ ಒಯ್ಯುತ್ತದೆ. ಆದ್ದರಿಂದ ಬಣವಿಯನ್ನು ಆರಿಸುವುದು ಎಂದರೆ ಅದನ್ನು ಬಿಚ್ಚುವುದು: ಜೆಸಿಬಿಯೋ ಕೊಕ್ಕೆಯೋ ಹಿಡಿದು ಪದರ ಪದರವಾಗಿ ಎಳೆದು, ಹರಡಿ, ತೋಯಿಸುವುದು. ಜನ ಮನೆಗೆ ಹೋಗಿ ಉಂಡು ಮಲಗಿದ ಮೇಲೂ ನಾಲ್ಕೈದು ಮಂದಿ ಹೊಗೆಯಲ್ಲಿ ನಿಂತು ಈ ಕೆಲಸ ಮಾಡುತ್ತಿರುತ್ತಾರೆ.

ಒಳಗೇ ನಡೆಯುವ ಈ ಬೆಂಕಿಯನ್ನು ನೆನೆದಾಗಲೆಲ್ಲ ನನಗೆ ಮುಂಬೈ ಬಂದರು ನೆನಪಾಗುತ್ತದೆ. ದೇಶದ ಅಗ್ನಿಶಾಮಕ ಸೇವೆ ತನ್ನ ಸತ್ತವರನ್ನು ನೆನೆಯುವ ದಿನ ಹುಟ್ಟಿದ್ದು ಅಲ್ಲಿ, ಹತ್ತಿಯ ಬೇಲುಗಳಿಗೆ ಹತ್ತಿದ ಇಂಥದೇ ಬೆಂಕಿಯಿಂದ. 1944ರ ಏಪ್ರಿಲ್ 14. ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗು ನಿಂತಿತ್ತು. ಕರಾಚಿಯಲ್ಲಿ ಹೇರಿಕೊಂಡ ಸಾವಿರಾರು ಹತ್ತಿ ಬೇಲು, ಎಣ್ಣೆ, ಚಿನ್ನದ ಗಟ್ಟಿ, ಜೊತೆಗೆ ಸುಮಾರು 1,400 ಟನ್ ಸ್ಫೋಟಕ. ಯುದ್ಧಕಾಲ. ಅಪಾಯದ ಸರಕಿದೆ ಎಂದು ಸಾರುವ ಕೆಂಪು ಬಾವುಟ ಹಡಗಿನ ಮೇಲೆ ಇರಲಿಲ್ಲ. ಮಧ್ಯಾಹ್ನ ಹೊಗೆ ಕಂಡಿತು. ಅಗ್ನಿಶಾಮಕರು ಬಂದು 900 ಟನ್ನಿಗೂ ಹೆಚ್ಚು ನೀರು ಸುರಿದರು. ಹೊಗೆ ನಿಲ್ಲಲಿಲ್ಲ, ಬೆಂಕಿಯ ಮೂಲ ಕೈಗೆ ಸಿಗಲಿಲ್ಲ. ಸಂಜೆ 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. ಬಂದರಿನ ಗಡಿಯಾರವೂ ಅದೇ ನಿಮಿಷಕ್ಕೆ ನಿಂತಿತು. ಸತ್ತ ನೂರಾರು ಜನರಲ್ಲಿ 66 ಮಂದಿ ಅಗ್ನಿಶಾಮಕರು. ಒಳಗೆ ಏನಿದೆ ಎಂಬುದು ಅವರಿಗೆ ಮೊದಲೇ ತಿಳಿದಿದ್ದರೆ, ಹಡಗನ್ನು ಅಲ್ಲೇ ಮುಳುಗಿಸಬೇಕೇ ಅಥವಾ ಸಮುದ್ರಕ್ಕೆ ಎಳೆಸಬೇಕೇ ಎಂದು ಯಾರಾದರೂ ಸಮಯಕ್ಕೆ ಸರಿಯಾಗಿ ನಿರ್ಧರಿಸಿದ್ದರೆ, ಎಂಬ ಪ್ರಶ್ನೆಗಳು ಎಂಬತ್ತು ವರ್ಷ ಕಳೆದರೂ ಹಾಗೇ ಉಳಿದಿವೆ.

ಆ ನೆನಪಿಗೆ ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ. ಅಲ್ಲಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ. ನಮ್ಮಲ್ಲಿ ಅಂದೇ ಅಂಬೇಡ್ಕರ್ ಜಯಂತಿ. ಊರೂರಲ್ಲಿ ಮೆರವಣಿಗೆ, ಡೊಳ್ಳು, ನೀಲಿ ಬಾವುಟ. ಅಗ್ನಿಶಾಮಕರ ದಿನ ಆ ಸಡಗರದ ಪಕ್ಕದಲ್ಲಿ, ಠಾಣೆಯ ಅಂಗಳದೊಳಗೆ, ಹೂಗುಚ್ಛ ಇಟ್ಟು ಎರಡು ನಿಮಿಷ ಮೌನ ನಿಂತು ಮುಗಿಯುತ್ತದೆ. ದೂರಲು ಇದನ್ನು ಹೇಳುತ್ತಿಲ್ಲ. ಬಾಬಾಸಾಹೇಬರ ದಿನ ದೊಡ್ಡದಾಗಿಯೇ ನಡೆಯಬೇಕು. ಆದರೆ ಅದೇ ದಿನ ಇನ್ನೊಂದು ಲೆಕ್ಕವೂ ಇದೆ ಎಂಬುದು ಊರಿಗೆ ಗೊತ್ತಿಲ್ಲ.

ಬೆಂಕಿ ಆರಿಸುವವರು ಸಾಯುವುದು ಯಾವುದರಿಂದ? ಸುಟ್ಟುಕೊಂಡು ಎಂದು ನಾವು ಭಾವಿಸುತ್ತೇವೆ. ಎಷ್ಟೋ ಸಲ ಅದು ಹಾಗಲ್ಲ. 2015ರ ಮೇ 9ರಂದು ಮುಂಬೈನ ಕಾಲಬಾದೇವಿಯಲ್ಲಿ ಹಳೆಯ ಗೋಕುಲ್ ನಿವಾಸ್ ಕಟ್ಟಡ ಉರಿಯುತ್ತಾ ಕುಸಿಯಿತು. ಸಂಜಯ್ ರಾಣೆ, ಮಹೇಂದ್ರ ದೇಸಾಯಿ, ಸುಧೀರ್ ಅಮೀನ್, ಮುಖ್ಯ ಅಧಿಕಾರಿ ಸುನಿಲ್ ನೇಸರಿಕರ್, ಹೀಗೆ ನಾಲ್ವರು ಹಿರಿಯ ಅಧಿಕಾರಿಗಳನ್ನು ಆ ಇಲಾಖೆ ಒಂದೇ ಬೆಂಕಿಯಲ್ಲಿ ಕಳೆದುಕೊಂಡಿತು. 2020ರ ಜನವರಿಯಲ್ಲಿ ದೆಹಲಿಯ ಪೀರಾಗಢಿಯ ಬ್ಯಾಟರಿ ಕಾರ್ಖಾನೆಯಲ್ಲಿ ಸ್ಫೋಟವಾಗಿ ಗೋಡೆ ಉರುಳಿ ಒಬ್ಬ ಯುವ ಅಗ್ನಿಶಾಮಕ ಸತ್ತ. 2021ರ ಮಾರ್ಚ್‌ನಲ್ಲಿ ಕೋಲ್ಕತ್ತದ ಸ್ಟ್ರಾಂಡ್ ರಸ್ತೆಯ ರೈಲ್ವೆ ಕಟ್ಟಡದ ಬೆಂಕಿಯಲ್ಲಿ ಸತ್ತ ಒಂಬತ್ತು ಜನರಲ್ಲಿ ನಾಲ್ವರು ಅಗ್ನಿಶಾಮಕರು. ಅವರು ಮೇಲೆ ಹೋಗಲು ಲಿಫ್ಟ್ ಹತ್ತಿದ್ದರು. ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ ಎಂದು ಮಕ್ಕಳಿಗೂ ಕಲಿಸುವ ಪಾಠ, ಕಲಿಸುವವರನ್ನೇ ನುಂಗಿತು. ಅಮೆರಿಕದಲ್ಲಿ ಕರ್ತವ್ಯದ ಮೇಲೆ ಸಾಯುವ ಅಗ್ನಿಶಾಮಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರನ್ನು ಒಯ್ಯುವುದು ಹೃದಯಾಘಾತ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಈ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಕೊಪ್ಪಳದ ಏಪ್ರಿಲ್ ಬಿಸಿಲಿನಲ್ಲಿ, ನಲವತ್ತು ಡಿಗ್ರಿಯ ಮೇಲೆ ಬಣವಿಯ ಕಾವು ಬೇರೆ, ದಿನಕ್ಕೆ ಎರಡು ಮೂರು ಕರೆ ಓಡಿ ಬಂದ ನಡುವಯಸ್ಸಿನ ಒಬ್ಬಾತ ರಾತ್ರಿ ಎದೆ ಹಿಡಿದುಕೊಂಡರೆ ಅದನ್ನು ಯಾವ ಕಾಲಂನಲ್ಲಿ ಬರೆಯುತ್ತಾರೆ? ನಿವೃತ್ತಿಯಾದ ಐದು ವರ್ಷಕ್ಕೆ ಶ್ವಾಸಕೋಶ ಕೆಟ್ಟರೆ? ಹೂಗುಚ್ಛ ಅವರವರೆಗೆ ತಲುಪುವುದಿಲ್ಲ.

ಹಳ್ಳಿಗಾಡಿನ ಠಾಣೆಗೆ ಬೆಂಕಿಗಿಂತ ಕಠಿಣವಾದ ಕರೆ ಇನ್ನೊಂದಿದೆ: ಬಾವಿ. ಹೂಳು ತೆಗೆಯಲು ಇಳಿದವನು ಮೇಲೆ ಬರಲಿಲ್ಲ, ಅವನನ್ನು ನೋಡಲು ಇಳಿದ ತಮ್ಮನೂ ಬರಲಿಲ್ಲ ಎಂಬ ಕರೆ. ಬಹುಕಾಲ ಮುಚ್ಚಿದ್ದ, ಎಲೆ ಕಸ ಕೊಳೆತ ಬಾವಿಯ ತಳದಲ್ಲಿ ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ಕೂತಿರುತ್ತದೆ. ಕೊಚ್ಚೆಯಿದ್ದರೆ ಹೈಡ್ರೋಜನ್ ಸಲ್ಫೈಡ್. ಮೂಗಿಗೆ ತಿಳಿಯುವ ಮೊದಲೇ ಮೊಣಕಾಲು ಕುಸಿಯುತ್ತದೆ. ಹಿಂದೆ ಹಿರಿಯರು ಹಗ್ಗಕ್ಕೆ ಚಿಮಣಿ ದೀಪ ಕಟ್ಟಿ ಇಳಿಬಿಟ್ಟು, ಆರಿದರೆ ಯಾರನ್ನೂ ಇಳಿಸುತ್ತಿರಲಿಲ್ಲ. ದೀಪ ಉರಿಯಿತೆಂದು ವಿಷಾನಿಲ ಇಲ್ಲವೆಂದೇನೂ ಅಲ್ಲ. ಕೆಲವು ಅನಿಲಕ್ಕೆ ಅದೇ ದೀಪ ಕಿಡಿಯಾದೀತು. ಆದರೂ ಆ ಮುದುಕರ ಅನುಮಾನ ಒಳ್ಳೆಯದಿತ್ತು. ಇಂದು ಅಗ್ನಿಶಾಮಕನ ಬೆನ್ನಿಗಿರಬೇಕಾದ್ದು ಉಸಿರಾಟಕ್ಕೆ ಗಾಳಿ ಕೊಡುವ ಬಿ.ಎ. ಸೆಟ್: ಆರು ಲೀಟರ್ ಸಿಲಿಂಡರಿನಲ್ಲಿ 300 ಬಾರ್ ಒತ್ತಡಕ್ಕೆ ತುಂಬಿದ 1,800 ಲೀಟರ್ ಗಾಳಿ. ನಿಮಿಷಕ್ಕೆ ನಲವತ್ತು ಲೀಟರ್ ಎಳೆದರೆ ಮುಕ್ಕಾಲು ಗಂಟೆ. ದಣಿದ, ಹೆದರಿದ ಎದೆ ಅದಕ್ಕಿಂತ ಜಾಸ್ತಿ ಎಳೆಯುತ್ತದೆ. ಇಕ್ಕಟ್ಟಿನ ಬಾವಿಗೆ ಈ ಸಿಲಿಂಡರ್ ಸಮೇತ ಇಳಿಯುವುದೇ ಕಷ್ಟ. ಮೇಲಿನಿಂದ ಕೊಳವೆಯಲ್ಲಿ ಗಾಳಿ ಕಳಿಸುವ ಸಾಧನ, ಮುಕ್ಕಾಲಿ, ರಾಟೆ, ಸೊಂಟಪಟ್ಟಿ, ಅನಿಲ ಅಳೆಯುವ ಯಂತ್ರ ಇದ್ದರೆ ಮಾತ್ರ ಅದು ರಕ್ಷಣೆ. ಇಲ್ಲದಿದ್ದರೆ ಮೂರನೆಯವನನ್ನೂ ಇಳಿಸಿದ ಹಾಗೆ. ವಿಷಾನಿಲ ಇಲ್ಲದಿದ್ದರೂ ಕಟ್ಟೆ ಕುಸಿಯಬಹುದು. 2025ರ ಅಕ್ಟೋಬರಿನಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಬಾವಿಗೆ ಬಿದ್ದ ಹೆಂಗಸನ್ನು ಎತ್ತಲು ಹೋದ ಅಗ್ನಿಶಾಮಕ ಹಾಗೇ ಜೀವ ಬಿಟ್ಟ.

ಇನ್ನು ಹೊಳೆ. 2019ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದಿಂದ ಬಿಟ್ಟ ನೀರು ಗಂಗಾವತಿ ತಾಲ್ಲೂಕಿನ ವಿರುಪಾಪುರಗಡ್ಡಿಯನ್ನು ಸುತ್ತುವರಿದಾಗ ವಿದೇಶಿಯರೂ ಸೇರಿ ನೂರಾರು ಪ್ರವಾಸಿಗರು ಅಲ್ಲಿ ಸಿಕ್ಕಿಬಿದ್ದರು. ಅವರನ್ನು ಕರೆತರುವಾಗ ರಕ್ಷಣಾ ದೋಣಿಯೊಂದು ಸೆಳವಿಗೆ ಮಗುಚಿ, ಅದರಲ್ಲಿದ್ದ ಐವರು ಕೊಚ್ಚಿಹೋದರು. ಐವರೂ ಬದುಕಿ ಬಂದದ್ದು ಜಿಲ್ಲೆಯ ಪುಣ್ಯ. ಬದುಕಿ ಬಂದದ್ದರಿಂದಲೇ ಆ ಘಟನೆಯನ್ನು ನಾವು ಮರೆತೆವು. ಹತ್ತಿರದಲ್ಲಿ ತಪ್ಪಿಹೋದ ಸಾವನ್ನು ಬರೆದಿಟ್ಟು, ಏಕೆ ಮಗುಚಿತು, ಯಾವ ಹಗ್ಗ ಎಲ್ಲಿ ಇರಬೇಕಿತ್ತು ಎಂದು ಊರ ಮುಂದೆ ಚರ್ಚಿಸುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ. ವಿಮಾನಯಾನದಲ್ಲಿ ಅದು ಕಾನೂನು. ಅಗ್ನಿಶಾಮಕ ಸೇವೆಗೆ ನಾನು ಮೊದಲು ಬಯಸುವ ಸುಧಾರಣೆ ಇದೇ, ಇದಕ್ಕೆ ಹಣವೂ ಬೇಕಾಗಿಲ್ಲ.

ಎರಡನೆಯದು ನೀರು. ‘ಬೆಂಕಿ ಬಿದ್ದಾಗ ಬಾವಿ ತೋಡಿದರು’ ಎಂಬ ಗಾದೆಯನ್ನು ನಾವು ಉಡಾಫೆಯವರ ಮೇಲೆ ಪ್ರಯೋಗಿಸುತ್ತೇವೆ. ನಮ್ಮ ಭಾಗದಲ್ಲಿ ಆಗಿರುವುದು ಅದಕ್ಕಿಂತ ವಿಚಿತ್ರ. ಇದ್ದ ಬಾವಿಯನ್ನೇ ಕಳೆದುಕೊಂಡೆವು. ಮೂವತ್ತು ನಲವತ್ತು ವರ್ಷದ ಹಿಂದೆ ಹೊಲಹೊಲಕ್ಕೆ ತೆರೆದ ಬಾವಿಯಿತ್ತು. ಗಾಡಿ ಪಕ್ಕದಲ್ಲಿ ನಿಂತು ಪೈಪು ಇಳಿಬಿಟ್ಟರೆ ನೀರು ಏರುತ್ತಿತ್ತು. ಈಗ ಇರುವುದು ಕೊಳವೆಬಾವಿ. ಅಗ್ನಿಶಾಮಕ ಪಂಪ್ ಹೀರಿ ಎಳೆಯಬಲ್ಲುದು ಏಳು ಮೀಟರ್ ಆಳದಿಂದ, ಅಷ್ಟೇ. ನೂರಾರು ಅಡಿ ಕೆಳಗಿನ ನೀರು ಅದಕ್ಕೆ ಇಲ್ಲದಂತೆಯೇ. ಮೋಟಾರಿಗೆ ಕರೆಂಟ್ ಇರುವ ಹೊತ್ತಿಗೇ ಬೆಂಕಿ ಬೀಳಬೇಕೆಂಬ ನಿಯಮವೂ ಇಲ್ಲ. ಹಾಗಾಗಿ ಬಣವಿಯಿಂದ ಎರಡು ಕಿಲೋಮೀಟರಿನೊಳಗೆ ಗಾಡಿ ನೀರು ತುಂಬಿಕೊಳ್ಳುವ ಜಾಗ ಎಲ್ಲಿದೆ ಎಂಬುದೇ ಬೇಸಿಗೆಯ ದೊಡ್ಡ ಪ್ರಶ್ನೆ. ಉತ್ತರ ಅಸಾಧ್ಯವಲ್ಲ. 2014ರಿಂದ ಕೃಷಿಭಾಗ್ಯ ಯೋಜನೆಯಲ್ಲಿ ಒಣಬೇಸಾಯದ ಹೊಲಗಳಲ್ಲಿ ಹೊಂಡಗಳಾಗಿವೆ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿ ಮುಂದೆ ನಿಂತು ಜನರಿಂದಲೇ ಹಿರೇಹಳ್ಳವನ್ನು ಸ್ವಚ್ಛ ಮಾಡಿಸಿದರು. ಕುಷ್ಟಗಿಯ ನಿಡಶೇಸಿ ಕೆರೆಗೂ ಜನ ಹಾಗೇ ಕೈಹಚ್ಚಿದರು. ಅಂಥ ಕೆರೆಗೆ ಭಾರದ ಗಾಡಿ ಇಳಿಯುವಷ್ಟು ಒಂದು ಗಟ್ಟಿ ದಾರಿ ಮಾಡಿದರೆ, ಊರಿನ ಮೇಲ್ತೊಟ್ಟಿಯ ಬುಡಕ್ಕೆ ಅಗ್ನಿಶಾಮಕ ಹೋಸ್ ಕೂರುವ 63 ಮಿಲಿಮೀಟರಿನ ಒಂದು ಜೋಡಣೆ ಹಾಕಿದರೆ, ನೀರಿಗಾಗಿ ಠಾಣೆಯವರೆಗೆ ವಾಪಸ್ ಓಡುವುದು ತಪ್ಪುತ್ತದೆ. ಇದು ಪ್ಲಂಬರ್ ಅರ್ಧ ದಿನದಲ್ಲಿ ಮಾಡುವ ಕೆಲಸ.

ಮಾಡುವವರು ಯಾರು? ಇಲ್ಲೊಂದು ಕಾನೂನಿನ ಬಿರುಕಿದೆ. ಸಂವಿಧಾನದ 74ನೇ ತಿದ್ದುಪಡಿ ತಂದ 12ನೇ ಅನುಸೂಚಿಯಲ್ಲಿ, ನಗರಸಭೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ‘ಅಗ್ನಿಶಾಮಕ ಸೇವೆ’ ಸ್ಪಷ್ಟವಾಗಿದೆ. ಪಂಚಾಯಿತಿಗಳಿಗಾಗಿರುವ 11ನೇ ಅನುಸೂಚಿಯ 29 ವಿಷಯಗಳಲ್ಲಿ ಬೆಂಕಿಯ ಹೆಸರೇ ಇಲ್ಲ. ಬೆಂಕಿ ಪಟ್ಟಣದ್ದು ಎಂದು ಬರೆದವರು ಅಂದುಕೊಂಡಿರಬೇಕು. ಕರ್ನಾಟಕದಲ್ಲಿ 1964ರ ಕಾಯ್ದೆಯ ಪ್ರಕಾರ ಇದು ರಾಜ್ಯ ಸರ್ಕಾರದ ಇಲಾಖೆ. ಅದರಿಂದ ಒಂದು ಲಾಭವಾಯಿತು, ಬಡ ಪುರಸಭೆಯ ಕಿಸೆ ನೋಡಿ ಠಾಣೆ ನಡೆಸುವ ಪಾಡು ತಪ್ಪಿತು. ಆದರೆ ಹಳ್ಳಿಯ ಮಟ್ಟದಲ್ಲಿ ಇದು ಯಾರ ಕೆಲಸವೂ ಅಲ್ಲದೆ ಉಳಿಯಿತು. ಕಾರಟಗಿ, ಕನಕಗಿರಿ, ಕುಕನೂರು ತಾಲ್ಲೂಕಾದವು. ಹೊಸ ತಾಲ್ಲೂಕಿಗೆ ತಹಶೀಲ್ದಾರ್ ಕಚೇರಿಯ ಫಲಕ ಎಷ್ಟು ಬೇಗ ಬರುತ್ತದೋ ಅಷ್ಟು ಬೇಗ ಅಗ್ನಿಶಾಮಕ ಠಾಣೆ, ಅದಕ್ಕೆ ಪೂರ್ತಿ ಸಿಬ್ಬಂದಿ ಬರಬೇಕೆಂದು ಕೇಳಿದ ಹೋರಾಟವನ್ನು ನಾನಂತೂ ಕಂಡಿಲ್ಲ. ಕೇಂದ್ರ ಸರ್ಕಾರ 2023ರಲ್ಲಿ ರಾಜ್ಯಗಳ ಅಗ್ನಿಶಾಮಕ ಸೇವೆ ಬಲಪಡಿಸಲು 5,000 ಕೋಟಿ ರೂಪಾಯಿಯ ಯೋಜನೆ ತಂದಿದೆ. ಅದೇ ವರ್ಷ ಬೆಂಗಳೂರಿಗೆ 90 ಮೀಟರ್ ಎತ್ತರದ ಏಣಿ ಗಾಡಿ ಬಂತು. ಬರಲಿ, ಅಲ್ಲಿ ಬೇಕು. ಇಲ್ಲಿ ಬೇಕಾದ್ದು ಇಕ್ಕಟ್ಟಿನ ಓಣಿಯಲ್ಲಿ ತಿರುಗುವ ಸಣ್ಣ ಗಾಡಿ, ಬಣವಿ ಬಿಚ್ಚುವ ಕೊಕ್ಕೆ, ಗಿಣಿಗೇರಿ ಸುತ್ತಲಿನ ಉಕ್ಕಿನ ಕಾರ್ಖಾನೆಗಳಿಗಾಗಿ ಕಾರ್ಬನ್ ಮಾನಾಕ್ಸೈಡ್ ಗುರುತಿಸುವ ಯಂತ್ರ, ಜಿಲ್ಲೆಯಲ್ಲೇ ಗಾಳಿ ಸಿಲಿಂಡರ್ ತುಂಬಿಸುವ ಕಂಪ್ರೆಸರ್. ಇವುಗಳ ಉದ್ಘಾಟನೆಗೆ ಯಾವ ಮಂತ್ರಿಯ ಫೋಟೋವೂ ಚೆನ್ನಾಗಿ ಬರುವುದಿಲ್ಲ.

ಸತ್ತ ಮೇಲಿನ ಗೌರವದ ವಿಷಯಕ್ಕೆ ಬಂದರೆ, ಕೊಪ್ಪಳಕ್ಕೆ ಹೊರಗಿನಿಂದ ಕಲಿಯುವುದು ಏನೂ ಇಲ್ಲ. ಸತ್ತವರನ್ನು ಕಲ್ಲಿನಲ್ಲಿ ಉಳಿಸಿಕೊಂಡ ನಾಡು ಇದು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬೆಟ್ಟದ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನವರು ತಮ್ಮವರಿಗಾಗಿ ಚಪ್ಪಡಿಯ ಮನೆಗಳನ್ನೇ ನಿಲ್ಲಿಸಿದ್ದಾರೆ, ಊರವರ ಬಾಯಲ್ಲಿ ಅದು ಮೋರೇರ ಬೆಟ್ಟ. ಜೈನರ ಮಹಾತೀರ್ಥವಾಗಿದ್ದ ಕೊಪಣದಲ್ಲಿ ಸಲ್ಲೇಖನ ಕೈಗೊಂಡವರಿಗೆ ನಿಸಿಧಿಗಳಿವೆ. ಇನ್ನು ವೀರಗಲ್ಲು. ಅಗಸಿಯ ಪಕ್ಕ, ಕೆರೆಯ ಏರಿ ಮೇಲೆ, ಎಷ್ಟೋ ಸಲ ಸುಣ್ಣ ಬಳಿಸಿಕೊಂಡು ದೇವರಾಗಿ ನಿಂತಿರುವ ಕಲ್ಲು. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಒಯ್ಯುವ ದೃಶ್ಯ, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಅವನು ರಾಜ್ಯ ಗೆದ್ದವನಾಗಿರಬೇಕಿಲ್ಲ. ಊರ ದನಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತ ತುರುಗಾಳಗದ ಆಳಿಗೂ ಕಲ್ಲು ನಿಲ್ಲುತ್ತಿತ್ತು. ಊರಿನ ದನ ಉಳಿಸಲು ಸತ್ತವನು, ಅಷ್ಟೇ ಅರ್ಹತೆ. ಬಣವಿಯ ಬೆಂಕಿಗೆ ಇಳಿಯುವವನ ಕೆಲಸ ಇದಕ್ಕಿಂತ ಬೇರೆಯೇ?

ಆದರೆ ಕಲ್ಲಿನ ಜೊತೆ ಇನ್ನೊಂದು ಸಂಗತಿ ಇತ್ತು, ಅದನ್ನು ನಾವು ಮರೆತಿದ್ದೇವೆ. ಶಾಸನಗಳಲ್ಲಿ ಅದರ ಹೆಸರು ನೆತ್ತರುಗೊಡಗೆ. ಕಾದಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ. ನೆನಪಿಗೆ ಕಲ್ಲು, ಬದುಕಿಗೆ ಹೊಲ, ಎರಡೂ ಸೇರಿದರೆ ಮಾತ್ರ ಊರಿನ ಋಣ ಸಂದಾಯ ಎಂದು ಆ ಕಾಲ ತಿಳಿದಿತ್ತು. ಇಂದು ಶೌರ್ಯಕ್ಕೆ ರಾಷ್ಟ್ರಪತಿ ಪದಕವಿದೆ, ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯ ದಿನಕ್ಕೂ ಅದರ ಪಟ್ಟಿ ಬರುತ್ತದೆ. ಅನುಕಂಪದ ನೌಕರಿಗೆ 1996ರ ನಿಯಮವಿದೆ. ಕಾಗದದ ಮೇಲೆ ಇದು ಕಾಯಂ ನೌಕರನ ಮಾತು. ಆದರೆ ಬೆಂಕಿಗೆ ಎದುರು ನಿಲ್ಲುವವರು ಅವರಷ್ಟೇ ಅಲ್ಲವಲ್ಲ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಳ್ಗಿಚ್ಚಿಗೆ ಅರಣ್ಯ ರಕ್ಷಕ ಮುರಿಗೆಪ್ಪ ಬಲಿಯಾದರು. 2023ರ ಫೆಬ್ರುವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಬಳಿ ಸುಂದರೇಶ್. ಅವರ ಇಲಾಖೆಗೆ ಸೆಪ್ಟೆಂಬರ್ 11ರಂದು ಬೇರೆಯೇ ಹುತಾತ್ಮರ ದಿನವಿದೆ. ಅವರ ಜೊತೆ ಸೊಪ್ಪು ಹಿಡಿದು ಬೆಂಕಿ ಬಡಿಯುವ ದಿನಗೂಲಿಯ ಕಾವಲುಗಾರನಿಗೆ, ಬಣವಿಯ ಬೆಂಕಿಗೆ ತನ್ನ ಟ್ಯಾಂಕರ್ ತಂದು ನಿಲ್ಲಿಸುವ ಟ್ರ್ಯಾಕ್ಟರ್ ಚಾಲಕನಿಗೆ, ಗೃಹರಕ್ಷಕನಿಗೆ ಯಾವ ದಿನ? ಅಗಸಿಯ ಕಲ್ಲು ಕೆತ್ತಿದವನು ಸತ್ತವನ ಹುದ್ದೆ ಕಾಯಮ್ಮೋ ಹಂಗಾಮಿಯೋ ಎಂದು ಕೇಳಿರಲಾರ.

ನನ್ನ ಬೇಡಿಕೆ ದೊಡ್ಡದಲ್ಲ. ಕರೆಯ ಮೇಲೆ ಹೋದವರು ಯಾರೇ ಸತ್ತರೂ ನೆತ್ತರುಗೊಡಗೆ ಒಂದೇ ಅಳತೆಯದಾಗಿರಲಿ, ಅದು ಮನೆಯ ಬಾಗಿಲಿಗೆ ಬರಲಿ, ವಿಧವೆ ಕಚೇರಿಯ ಮೆಟ್ಟಿಲು ಹತ್ತುವಂತಾಗದಿರಲಿ. ಸತ್ತ ಜಾಗದಲ್ಲಿ, ಆ ಬಾವಿಯ ಕಟ್ಟೆಯ ಪಕ್ಕದಲ್ಲೇ ಆದರೂ, ಹೆಸರು, ದಿನ, ಏನು ಉಳಿಸಲು ಇಳಿದ ಎಂಬ ಮೂರು ಸಾಲಿನ ಕಲ್ಲು ನಿಲ್ಲಲಿ. ನಾಲ್ಕನೆಯ ಸಾಲಿಗೆ ಜಾಗ ಇದ್ದರೆ ಯಾವ ಸಲಕರಣೆ ಇದ್ದಿದ್ದರೆ ಬದುಕುತ್ತಿದ್ದ ಎಂಬುದನ್ನೂ ಕೆತ್ತಿಸಬಹುದು. ಅದನ್ನು ಕೆತ್ತಿಸಲು ಯಾವ ಸರ್ಕಾರಕ್ಕೂ ಮನಸ್ಸಾಗಲಾರದು ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಕೋರಿಕೆ. ಬರುವ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ಏಪ್ರಿಲ್ ತಿಂಗಳ ಮಧ್ಯಾಹ್ನ, ಕರೆಂಟ್ ಇಲ್ಲದ ಹೊತ್ತಿನಲ್ಲಿ ಬೆಂಕಿಯ ಗಾಡಿ ನಮ್ಮೂರಿಗೆ ಬಂದರೆ ಎರಡನೇ ಸಲ ನೀರು ಎಲ್ಲಿ ತುಂಬಿಸಬೇಕು? ಉತ್ತರ ಸಿಕ್ಕರೆ ಅದನ್ನು ಪಂಚಾಯಿತಿ ಗೋಡೆಯ ಮೇಲೆ, 112ರ ಪಕ್ಕದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ.